ಕೆರೆಬೇಟೆಯಿಂದ ಹತ್ತುಮೀನಿನವರೆಗೆ: ಒಂದು ಹಂಗಾಮಿನ ಲೆಕ್ಕ

ದೀಪಾವಳಿ ಕಳೆಯಿತು. ಗದ್ದೆಯಲ್ಲಿ ತೆನೆ ಬಾಗಿದೆ, ತೋಟದಲ್ಲಿ ಕೊನೆ ತೆಗೆಯುವವರಿಗಾಗಿ ಹುಡುಕಾಟ ನಡೆದಿದೆ, ಕೆರೆ ತುಂಬಿ ನಿಂತಿದೆ. ಇಂಥ ಹೊತ್ತಿನಲ್ಲಿ ಮೀನಿನ ಮಾತು ಏಕೆಂದು ನೀವು ಕೇಳಬಹುದು. ಹಂಗಾಮು ಕಳೆದ ಮೇಲೆ ತಾನೇ ಲೆಕ್ಕ ಹಾಕುವುದು? ಭತ್ತದ ಲೆಕ್ಕ ಹಾಕುತ್ತೀರಿ, ಅಡಿಕೆಯ ಲೆಕ್ಕ ಹಾಕುತ್ತೀರಿ. ಮೀನಿನ ಲೆಕ್ಕವನ್ನು ಮಾತ್ರ ನಮ್ಮ ಮಲೆನಾಡಿನಲ್ಲಿ ಯಾರೂ ಬರೆದಿಡುವುದಿಲ್ಲ. ಸಿಕ್ಕಿದರೆ ಸಾರು, ಸಿಗದಿದ್ದರೆ ಹಣೆಬರಹ.

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಮೀನಿನ ಹಂಗಾಮು ಎರಡು ತುಂಡಾಗಿ ಬರುತ್ತದೆ. ಮೊದಲನೆಯದು ಬೇಸಿಗೆಯ ಕೊನೆಯಲ್ಲಿ, ಕೆರೆಯ ನೀರು ಮೊಣಕಾಲಿಗೆ ಇಳಿದಾಗ ನಡೆಯುವ ಕೆರೆಬೇಟೆ. ಎರಡನೆಯದು ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಹೊಸ ನೀರಿಗೆ ಎದುರಾಗಿ ಗದ್ದೆಗೆ ಹತ್ತಿ ಬರುವ ಹತ್ತುಮೀನು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೆಲವೇ ವಾರಗಳ ಅಂತರ. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದವರು ಕಡಿಮೆ. ಈ ವರ್ಷ ತೀರ್ಥಹಳ್ಳಿ ತಾಲ್ಲೂಕಿನ ಒಂದೇ ಹಳ್ಳಿಯಲ್ಲಿ ಎರಡನ್ನೂ ನೋಡುವ ಅವಕಾಶ ನಮಗೆ ಒದಗಿತು. ಹಳ್ಳಿಯ ಹೆಸರು ಇಲ್ಲಿ ಮುಖ್ಯವಲ್ಲ. ಓದುತ್ತ ಹೋದಂತೆ ಅದು ನಿಮ್ಮ ಹಳ್ಳಿಯೇ ಎನ್ನಿಸಿದರೂ ಆಶ್ಚರ್ಯವಿಲ್ಲ.

ಮೀನು ತಿನ್ನದ ಓದುಗರೂ ಇದ್ದೀರಿ. ದಯವಿಟ್ಟು ಪುಟ ತಿರುಗಿಸಬೇಡಿ. ಕೆರೆ ನಿಮ್ಮದೂ ಹೌದು, ಔಷಧಿಯ ಡ್ರಮ್ಮು ತೊಳೆಯುವ ಹಳ್ಳ ನಿಮ್ಮದೂ ಹೌದು.

ಮೇ ತಿಂಗಳ ಕೆರೆ

ಕೆರೆಬೇಟೆಯನ್ನು ನೋಡದ ಬಯಲುಸೀಮೆಯ ರೈತರಿಗಾಗಿ ಎರಡು ಮಾತು. ಊರಿನ ಸಮಿತಿಯವರು ದಿನ ಗೊತ್ತುಮಾಡಿ ಸುತ್ತಲ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುತ್ತಾರೆ. ಬಂದವರು ಕೂಣಿಗೆ ಇಷ್ಟು ಎಂದು ಹಣ ಕಟ್ಟುತ್ತಾರೆ. ಆ ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸೇರುತ್ತದೆ. ಕೂಣಿ ಎಂದರೆ ಬಿದಿರಿನ ಕಡ್ಡಿಗಳಿಂದ ಹೆಣೆದ ಬುಟ್ಟಿ. ಕೆಳಗೆ ಬಾಯಿ ಅಗಲ, ಮೇಲೆ ಕಿರಿದು, ತಳವಿಲ್ಲ. ಸೂಚನೆ ಸಿಕ್ಕಿದ ಕೂಡಲೇ ನೂರಾರು ಜನ ಒಮ್ಮೆಲೇ ಕೆರೆಗೆ ಇಳಿದು, ಕೂಣಿಯನ್ನು ಕೆಸರಿಗೆ ಊರುತ್ತ, ಎತ್ತುತ್ತ, ಮತ್ತೆ ಊರುತ್ತ ಸಾಗುತ್ತಾರೆ. ಒಳಗೆ ಸಿಕ್ಕಿದ ಮೀನು ಕಡ್ಡಿಗೆ ಬಡಿದರೆ ಕೈಗೆ ಗೊತ್ತಾಗುತ್ತದೆ. ಮೇಲಿನ ಬಾಯಿಯಿಂದ ಕೈ ಇಳಿಸಿ ಹಿಡಿದು, ಬೆನ್ನಿಗೆ ಕಟ್ಟಿದ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬಲೆಗೆ ಅವಕಾಶವಿಲ್ಲ. ಇದರಲ್ಲಿ ಹಣಕ್ಕಿಂತ ಹುಮ್ಮಸ್ಸು ಹೆಚ್ಚು. ನೆಂಟರು ಬರುತ್ತಾರೆ, ಸಂಜೆಗೆ ಎಲ್ಲ ಮನೆಯಿಂದಲೂ ಒಂದೇ ವಾಸನೆ ಏಳುತ್ತದೆ.

ನಾವು ನೋಡಿದ ಕೆರೆ ಸುಮಾರು ಎರಡು ಎಕರೆಯದು. ಬೆಳಗಿನ ಹತ್ತು ಗಂಟೆಗೆ ಶುರುವಾದದ್ದು ಮಧ್ಯಾಹ್ನಕ್ಕೆ ಮುಗಿದೇಹೋಯಿತು. ಚೀಲಗಳಲ್ಲಿದ್ದುದು ಬಹುಪಾಲು ಬೆರಳುದ್ದದ ಮೀನು. ತೋಳುದ್ದದ ಕೊರವ ಸಿಕ್ಕಿದವರು ಬೆರಳೆಣಿಕೆಯಷ್ಟು. ಏರಿಯ ಮೇಲೆ ಕುಳಿತು ನೋಡುತ್ತಿದ್ದ ಹಿರಿಯರೊಬ್ಬರನ್ನು, "ಏನು ಗೌಡ್ರೆ, ಈ ಸಲ ಮೀನು ಕಡಿಮೆಯಾಯ್ತಲ್ಲ?" ಎಂದು ಕೇಳಿದೆವು. ಅವರು ಎಲೆಯಡಿಕೆ ಉಗಿದು, "ಎಲ್ಲಿಂದ ಬರ್ತದೆ ಮಾರಾಯ್ರೆ, ಹತ್ತುವಾಗ್ಲೇ ಕಡಿದು ಹಾಕಿದ್ರೆ?" ಎಂದರು. ಅವರ ಮಾತಿನ ತೂಕ ನಮಗೆ ಪೂರ್ತಿ ತಿಳಿದದ್ದು ಜೂನ್ ತಿಂಗಳಲ್ಲಿ.

ಅದಕ್ಕೆ ಮೊದಲು ಬತ್ತುವ ಕೆರೆಯ ಒಳಗೆ ಏನಾಗುತ್ತದೆಂಬುದನ್ನು ನೋಡೋಣ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಹೆಪ್ಪುಗಟ್ಟುವಷ್ಟು ತಣ್ಣಗಿರುವ ಒಂದು ಲೀಟರ್ ನೀರು ಸುಮಾರು 14 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿ ಸೆಲ್ಸಿಯಸ್‌ಗೆ ಕಾದ ನೀರು ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಮೇ ತಿಂಗಳಲ್ಲಿ ನೀರು ಕಡಿಮೆ, ಬಿಸಿ ಹೆಚ್ಚು, ಕೊಳೆಯುವ ಕಸ ಬೇರೆ. ಇರುವ ಅಲ್ಪ ಆಮ್ಲಜನಕವೂ ರಾತ್ರಿಯಲ್ಲಿ ಕರಗಿಹೋಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದನ್ನು ನೀವು ಕಂಡಿರುತ್ತೀರಿ. ಗೆಂಡೆ ಜಾತಿಯವು ಇದನ್ನು ಬಹಳ ದಿನ ತಾಳಲಾರವು. ಹಾವಿನಂಥ ತಲೆಯ ಕೊರವ, ಮೀಸೆಯುಳ್ಳ ಮುರುಗೋಡು, ಮುಳ್ಳು ಚುಚ್ಚುವ ಚೇಳು ಮೀನು ಇವುಗಳಿಗೆ ಮಾತ್ರ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ. (ಹೆಸರುಗಳು ಊರಿನಿಂದ ಊರಿಗೆ ಬದಲಾಗುತ್ತವೆ, ಮೀನು ಅದೇ.) ಆದುದರಿಂದಲೇ ಕೆರೆ ಕೆಸರಾದರೂ ಇವು ಉಳಿಯುತ್ತವೆ. ಬತ್ತಿ ಹೋಗುವ ನೀರಿನ ಮೀನನ್ನು ಹಿಡಿದು ತಿನ್ನುವುದರಲ್ಲಿ ತಪ್ಪೇನೂ ಇಲ್ಲ. ಬಿಟ್ಟರೆ ಬಹುಪಾಲು ಸಾಯುವುದೇ. ಬೇಟೆಯ ಮೇಲೆ ಕೆರೆಯ ತಳಕ್ಕೆ ಬಿಸಿಲು ಬಿದ್ದು ಹೂಳು ಒಡೆಯುತ್ತದೆ, ಗೋಡು ಎತ್ತಿ ತೋಟಕ್ಕೆ ಹಾಕಲೂ ಅನುಕೂಲ. ಕೆರೆಬೇಟೆಯನ್ನು ಹಳಿಯುವವರ ಗುಂಪಿಗೆ ನಾವು ಸೇರಿಲ್ಲ.

ತೂಬಿನ ಹತ್ತಿರದ ಆಳದ ಗುಂಡಿಯನ್ನೂ ಬಿಡದೆ ಸೋಸುವುದು ಮಾತ್ರ ಸರಿಯಲ್ಲ. ಹತ್ತು ಅಡಿ ಉದ್ದಗಲದ, ಆಳದ ಒಂದು ಗುಂಡಿಯನ್ನು ಬೇಟೆಯಿಂದ ಹೊರಗಿಟ್ಟರೆ ತಾಯಿಮೀನುಗಳು ಅಲ್ಲಿ ಮಳೆಯವರೆಗೆ ಜೀವ ಹಿಡಿದುಕೊಂಡಿರುತ್ತವೆ.

ದೂರದ ದೇಶದ ಒಂದು ಪದ್ಧತಿ

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. ಫಿನ್‌ಲೆಂಡ್, ಕೆನಡಾ, ಅಮೆರಿಕದ ಮಿನ್ನೆಸೋಟದಂಥ ಶೀತ ಪ್ರದೇಶಗಳಲ್ಲಿ ಚಳಿಗಾಲಕ್ಕೆ ಕೆರೆಗಳು ಮೇಲ್ಭಾಗದಲ್ಲಿ ಹೆಪ್ಪುಗಟ್ಟುತ್ತವೆ. ನಾಲ್ಕು ಅಂಗುಲ ದಪ್ಪದ ಗಟ್ಟಿ ಮಂಜುಗಡ್ಡೆಯ ಮೇಲೆ ಮನುಷ್ಯ ನಡೆಯಬಹುದು. ಹೊಲದ ಕೆಲಸ ನಿಂತ ಆ ತಿಂಗಳುಗಳಲ್ಲಿ ಅಲ್ಲಿನ ಜನ ಕೆರೆಯ ಮೇಲೆಯೇ ಸಣ್ಣ ಗುಡಿಸಲು ಹೂಡಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಕೂಡುತ್ತಾರೆ. ನಮಗೆ ಕೆರೆ ಬತ್ತಿದಾಗ ಬಿಡುವು, ಅವರಿಗೆ ಕೆರೆ ಗಟ್ಟಿಯಾದಾಗ ಬಿಡುವು. ಅಲ್ಲಿಯೂ ಮೀನಿಗೆ ಉಸಿರಿನ ಕಷ್ಟ ಉಂಟು. ಮಂಜುಗಡ್ಡೆಯ ಮೇಲೆ ಹಿಮ ದಪ್ಪವಾಗಿ ಕೂತರೆ ಬೆಳಕು ಒಳಗೆ ಇಳಿಯದೆ, ನೀರಿನ ಸಸ್ಯಗಳು ಆಮ್ಲಜನಕ ತಯಾರಿಸುವುದು ನಿಂತು, ಆಳವಿಲ್ಲದ ಕೆರೆಗಳಲ್ಲಿ ಮೀನುಗಳು ರಾಶಿಯಾಗಿ ಸಾಯುತ್ತವೆ.

ನಮ್ಮ ಓದುಗರು ಗಮನಿಸಬೇಕಾದುದು ಅಲ್ಲಿನ ಕಟ್ಟಳೆಯನ್ನು. ಕೆನಡಾ, ಮಿನ್ನೆಸೋಟಗಳಲ್ಲಿ ಪರವಾನಗಿ ಬೇಕು, ಒಬ್ಬರು ಇಷ್ಟೇ ಮೀನು ಒಯ್ಯಬೇಕೆಂಬ ಮಿತಿ ಇದೆ. ಮಿನ್ನೆಸೋಟದಲ್ಲಿ ಕೆಲವು ಮುಖ್ಯ ಜಾತಿಗಳ ಬೇಟೆ ಫೆಬ್ರವರಿಯ ಕೊನೆಗೆ ಮುಚ್ಚಿದರೆ ತೆರೆಯುವುದು ಮೇ ತಿಂಗಳ ಮಧ್ಯಕ್ಕೆ. ನಡುವಣ ದಿನಗಳು ಆ ಮೀನುಗಳು ಮೊಟ್ಟೆಯಿಡುವ ಕಾಲ. ಅವರ ಹಂಗಾಮು ಮೊಟ್ಟೆಯ ಕಾಲಕ್ಕೆ ನಿಲ್ಲುತ್ತದೆ. ನಮ್ಮ ಹಂಗಾಮಿನ ಎರಡನೆಯ ತುಂಡು ಮೊಟ್ಟೆಯ ಕಾಲಕ್ಕೇ ಶುರುವಾಗುತ್ತದೆ.

ಹೊಸ ನೀರಿನ ರಾತ್ರಿಗಳು

ಜೂನ್ ತಿಂಗಳಲ್ಲಿ ನಾವು ಅದೇ ಹಳ್ಳಿಗೆ ಮತ್ತೆ ಹೋದೆವು. ಮೂರು ದಿನ ಬಿಡದೆ ಮಳೆ ಹೊಡೆದು ಹಳ್ಳ ಕೆಂಪಾಗಿ ಹರಿಯುತ್ತಿತ್ತು. ರಾತ್ರಿ ಎಂಟು ಗಂಟೆಗೆ ಗದ್ದೆಬಯಲಿನಲ್ಲಿ ಎಲ್ಲಿ ನೋಡಿದರೂ ಬೆಳಕು. ಹಿಂದೆ ದೊಂದಿ, ಆಮೇಲೆ ಗ್ಯಾಸ್‌ಲೈಟು, ಈಗ ತಲೆಗೆ ಕಟ್ಟುವ ಬ್ಯಾಟರಿ ದೀಪ. ಕಂಬಳಿಕೊಪ್ಪೆಯ ಬದಲು ಪ್ಲಾಸ್ಟಿಕ್ ಕೋಟು. ಕೈಯಲ್ಲಿ ಕತ್ತಿ ಮಾತ್ರ ಅದೇ. ಗದ್ದೆಯಂಚಿನ ಕಂಡಿಯಲ್ಲಿ ನೀರು ಧುಮುಕುವ ಕಡೆ ಕೂಳಿ ಒಡ್ಡಿದ್ದರು. ಎದುರು ನೀರಿಗೆ ಈಜಿ, ಜಿಗಿದು, ಅರ್ಧ ಮೈ ಗಾಳಿಯಲ್ಲಿಟ್ಟುಕೊಂಡು ತೆವಳುವ ಮೀನನ್ನು ಬೆಳಕು ಬಿಟ್ಟು ಕಡಿಯುವುದು. ಕಾರೇಡಿ ಸಿಕ್ಕಿದರೆ ಅದೂ ಚೀಲಕ್ಕೆ.

ಈ ಮೀನು ಏಕೆ ಹತ್ತುತ್ತದೆ? ಮೇವಿಗಲ್ಲ, ಆಟಕ್ಕೂ ಅಲ್ಲ. ಬೇಸಿಗೆಯೆಲ್ಲ ಕೆರೆ, ಹಳ್ಳದ ಗುಂಡಿಗಳಲ್ಲಿ ಅಡಗಿದ್ದ ಮೀನಿಗೆ ಮೊದಲ ಪ್ರವಾಹದ ತಂಪು ನೀರು ತಾಕಿದೊಡನೆ ಮೊಟ್ಟೆಯಿಡುವ ತವಕ ಹುಟ್ಟುತ್ತದೆ. ಅದಕ್ಕೆ ಬೇಕಾದುದು ಸೆಳೆತವಿಲ್ಲದ, ಆಳವಿಲ್ಲದ, ಹುಲ್ಲು ಮುಳುಗಿ ನಿಂತ ನೀರು. ಅಂಥ ಜಾಗ ನಮ್ಮ ನಾಟಿಗದ್ದೆಯೇ. ಮುರುಗೋಡು ಅಂಚಿನ ಬುಡದ ಪೊಟರೆಯಲ್ಲಿ ಮೊಟ್ಟೆಯಿಟ್ಟರೆ ಗಂಡುಮೀನು ಕಾವಲು ಕಾಯುತ್ತದೆ. ಕೊರವದ ಸಂಸಾರ ಇನ್ನೂ ಸೊಗಸು. ಹುಲ್ಲಿನ ನಡುವೆ ತಿಳಿನೀರಿನಲ್ಲಿ ಮೊಟ್ಟೆ ತೇಲಬಿಟ್ಟು ತಾಯಿತಂದೆ ಕಾಯುತ್ತವೆ. ಮರಿಗಳು ಕೆಂಪು ಮೋಡದಂತೆ ಒಂದೇ ಗುಂಪಾಗಿ ನೀರಿನ ಮೇಲ್ಮೈಯಲ್ಲಿ ಆಡುವುದನ್ನು ನಾಟಿಯ ಕಾಲದಲ್ಲಿ ನೀವು ನೋಡಿರಬೇಕು. ಅದರ ಕೆಳಗೆ ದೊಡ್ಡ ಮೀನು ಇದ್ದೇ ಇರುತ್ತದೆ. ಅದನ್ನು ಹಿಡಿದ ದಿನವೇ ಆ ಕೆಂಪು ಮೋಡ ಚದುರಿ, ಕೊಕ್ಕರೆಗೂ ಕಪ್ಪೆಗೂ ನೀರುಹಾವಿಗೂ ಆಹಾರವಾಗುತ್ತದೆ. ಒಂದು ಮೀನು ಹಿಡಿದೆನೆಂದು ನೀವು ಅಂದುಕೊಳ್ಳುತ್ತೀರಿ, ಹೋದುದು ಸಾವಿರ.

ಆ ರಾತ್ರಿ ನಾವು ಉಳಿದುಕೊಂಡ ಮನೆಯಲ್ಲಿ ಮೀನು ಹಸನು ಮಾಡುತ್ತಿದ್ದ ಅಮ್ಮ ಒಂದೊಂದನ್ನೂ ಸೀಳಿ ತೋರಿಸಿದರು. ಹೆಣ್ಣುಮೀನುಗಳ ಹೊಟ್ಟೆಯಲ್ಲಿ ಬರೀ ಮೊಟ್ಟೆ. ಮೊಟ್ಟೆಯ ಹುರುಕಲಿನ ರುಚಿಗೆ ಸಾಟಿಯಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ, ಏಕೆಂದರೆ ತಿಂದೆವು. "ಬೀಜದ ಭತ್ತ ಕುಟ್ಟಿ ಅನ್ನ ಮಾಡ್ದ ಹಾಗೆ ಇದು," ಎಂದವರು ಅದೇ ಅಮ್ಮ. ಮೇ ತಿಂಗಳಲ್ಲಿ ಏರಿಯ ಮೇಲೆ ಕುಳಿತಿದ್ದ ಗೌಡರ ಮನೆಯವರೇ ಅವರು.

ಲೆಕ್ಕ ಇಷ್ಟೇ. ಗದ್ದೆಯಲ್ಲಿ ಹುಟ್ಟಿದ ಮರಿ ನೀರಿನೊಂದಿಗೆ ಇಳಿದು ಕೆರೆ ಸೇರಿ ಬೆಳೆಯಬೇಕು. ಮುಂದಿನ ಮೇ ತಿಂಗಳಲ್ಲಿ ಕೂಣಿಗೆ ಬೀಳಬೇಕಾದುದು ಅದೇ. ಜೂನ್ ತಿಂಗಳ ಕತ್ತಿ ಕಡಿಯುವುದು ಮೇ ತಿಂಗಳ ಬೇಟೆಯನ್ನು. ಎಲ್ಲವನ್ನೂ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಹೇಳುವುದೂ ನ್ಯಾಯವಲ್ಲ. ಮೊದಲ ಪ್ರವಾಹದ ಹದಿನೈದು ದಿನ ಕತ್ತಿಯನ್ನು ಒಳಗಿಟ್ಟು, ಕೆರೆಗೆ ಕೂಡುವ ಹಳ್ಳದ ಕಂಡಿಗಳಲ್ಲಿ ಕೂಳಿ ಒಡ್ಡದಿದ್ದರೆ, ಬಹುಪಾಲು ಮೀನು ಮೊಟ್ಟೆಯಿಟ್ಟು ಮುಗಿಸುತ್ತದೆ. ಮೀನುಗಾರಿಕೆ ಇಲಾಖೆಯೂ ಇದೇ ಕಾರಣಕ್ಕೆ ಮಳೆಗಾಲದ ಆರಂಭದಲ್ಲಿ, ಸಾಮಾನ್ಯವಾಗಿ ಜೂನ್ ಮತ್ತು ಜುಲೈ ತಿಂಗಳಲ್ಲಿ, ಹೊಳೆ ಮತ್ತು ಜಲಾಶಯಗಳಲ್ಲಿ ಮೀನು ಹಿಡಿಯಬಾರದೆಂದು ಪ್ರಕಟಣೆ ಹೊರಡಿಸುತ್ತದೆ. ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು ಇವಂತೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಕಾಲದಿಂದಲೇ ಅಪರಾಧ. ಈಗ ಬ್ಲೀಚಿಂಗ್ ಪುಡಿ ಸುರಿಯುವವರೂ ವಿದ್ಯುತ್ ತಂತಿಯನ್ನು ನೀರಿಗೆ ಬಿಡುವವರೂ ಇದ್ದಾರೆ. ತಂತಿ ಬಿಟ್ಟ ನೀರು ಮೀನನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡುವುದಿಲ್ಲ.

ಮೀನನ್ನು ಮುಟ್ಟದಿರುವುದು ಮಲೆನಾಡಿಗರಿಗೆ ತಿಳಿಯದ ವಿದ್ಯೆಯಲ್ಲ. ತೀರ್ಥಹಳ್ಳಿಯ ಸಮೀಪ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕ ದೇವಸ್ಥಾನದ ಎದುರಿನ ತುಂಗಾನದಿಯ ಮಡುವಿನಲ್ಲಿ ದೊಡ್ಡ ದೊಡ್ಡ ಮೀನುಗಳು ದಡಕ್ಕೆ ಬಂದು ಕೈಯೆಸೆದ ಅಕ್ಕಿ ತಿನ್ನುತ್ತವೆ. ಶೃಂಗೇರಿಯಲ್ಲಿಯೂ ಅಷ್ಟೇ. ಅವು ದೇವರ ಮೀನು; ಗಾಳ ಹಾಕಲು ಯಾರೂ ಕೈ ಎತ್ತುವುದಿಲ್ಲ. ಅದೇ ನದಿಗೆ ಹರಿಯುವ ಹಳ್ಳದಲ್ಲಿ ಮಾತ್ರ ಆ ಭಯಭಕ್ತಿ ಏಕಿಲ್ಲವೋ! ಇನ್ನು ಮಂಡಗದ್ದೆಯ ಬಳಿ ತುಂಗೆಯ ನಡುಗಡ್ಡೆಯ ಮರಗಳಿಗೆ ಮಳೆಗಾಲದಲ್ಲಿ ಬಂದು ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳು ಮರಿಗಳಿಗೆ ಉಣಿಸುವುದೂ ಈ ಹೊಳೆ, ಗದ್ದೆಗಳ ಮೀನು, ಕಪ್ಪೆಗಳನ್ನೇ. ಕತ್ತಿ ಹಿಡಿದವರು ನಾವು ಮಾತ್ರ ಪಾಲುದಾರರಲ್ಲ.

ಮೈಲುತುತ್ತದ ಮಾತು

ಕತ್ತಿಗಿಂತ ದೊಡ್ಡ ಕಾರಣ ಇನ್ನೊಂದಿದೆ, ಅದರ ಬಗ್ಗೆ ಮೀನು ತಿನ್ನದವರು ಗಮನ ಕೊಡಬೇಕು. ಅಡಿಕೆಗೆ ಕೊಳೆರೋಗ ಬಾರದಂತೆ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಯುವುದು ಮುಂಗಾರಿನ ಆರಂಭದಲ್ಲಿ, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು. ಮರಿಮೀನು ಗದ್ದೆಯಿಂದ ಬಸಿಗಾಲುವೆಗೆ, ಅಲ್ಲಿಂದ ಕೆರೆಗೆ ಇಳಿಯುವುದೂ ಅದೇ ದಿನಗಳಲ್ಲಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ನಿಮಗೆ ಬಾಯಿಪಾಠ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ಕಡುವಿಷ. ಮಲೆನಾಡಿನ ನೀರು ಮೆದು ಮತ್ತು ತುಸು ಹುಳಿ. ಇಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಹೆಚ್ಚು. ಸರಿಯಾಗಿ ಸುಣ್ಣ ಬೆರೆತ ದ್ರಾವಣ ಎಲೆ, ಕೊನೆಗಳಿಗೆ ಅಂಟಿಕೊಳ್ಳುತ್ತದೆ. ಅದರಿಂದ ಆಗುವ ಹಾನಿ ಸ್ವಲ್ಪ. ನಿಜವಾದ ಹಾನಿ ಆಗುವುದು ಡ್ರಮ್ಮನ್ನು ಹಳ್ಳದ ದಡದಲ್ಲಿಟ್ಟು ಕಲಸಿದಾಗ, ಉಳಿದ ತುತ್ತದ ನೀರನ್ನು ಕಾಲುವೆಗೆ ಚೆಲ್ಲಿದಾಗ, ಪಂಪು ಪೈಪುಗಳನ್ನು ಕೆರೆಯಲ್ಲೇ ತೊಳೆದಾಗ. ನಾವು ಹೋದ ಹಳ್ಳಿಯಲ್ಲಿ ಒಂದು ಬೆಳಿಗ್ಗೆ ಬಸಿಗಾಲುವೆಯ ಉದ್ದಕ್ಕೂ ಸಣ್ಣ ಮರಿಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಕತ್ತಿ ಹಿಡಿದ ಯಾರೂ ಅಲ್ಲಿಗೆ ಹೋಗಿರಲಿಲ್ಲ.

ದ್ರಾವಣವನ್ನು ತೋಟದ ಎತ್ತರದ ಜಾಗದಲ್ಲಿ ಕಲಸಿ. ಡ್ರಮ್ಮು ತೊಳೆದ ನೀರಿಗೆ ಒಂದು ಗುಂಡಿ ತೋಡಿ ಸ್ವಲ್ಪ ಸುಣ್ಣ ಹಾಕಿಡಿ. ಖರ್ಚಿಲ್ಲದ ಕೆಲಸ. ಭತ್ತಕ್ಕೆ ಕೀಟನಾಶಕ ಅನಿವಾರ್ಯವಾದರೆ, ಹೊಡೆದ ಗದ್ದೆಯ ಕಂಡಿಯನ್ನು ಕೆಲವು ದಿನ ಕಟ್ಟಿ, ನೀರು ಕೆಳಗೆ ಬಿಡದಿರಿ. ಮೀನಿಗೆ ಅತ್ಯಂತ ಮಾರಕವಾಗಿದ್ದ ಎಂಡೋಸಲ್ಫಾನ್ 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಆದರೆ ಈಗ ಸಿಗುವ ಔಷಧಿಗಳಲ್ಲಿಯೂ ಮೀನನ್ನು ಕೊಲ್ಲುವವು ಅನೇಕ. ಡಬ್ಬಿಯ ಮೇಲಿನ ಬರಹ ಓದುವ ಅಭ್ಯಾಸವಿರಲಿ.

ಗದ್ದೆಗಳು ತೋಟವಾಗುತ್ತಿರುವುದೂ ಲೆಕ್ಕಕ್ಕೆ ಸೇರಬೇಕು. ನೀರು ನಿಲ್ಲುತ್ತಿದ್ದ ಗದ್ದೆಯಲ್ಲಿ ಅಡಿಕೆ ಸಸಿ ಎದ್ದರೆ ಮೀನಿಗೆ ಮೊಟ್ಟೆಯಿಡಲು ಜಾಗ ಹೋಯಿತು. ಅಡಿಕೆ ಬೆಲೆಯ ಮುಂದೆ ಈ ಮಾತು ನಡೆಯುವುದಿಲ್ಲವೆಂದು ನಮಗೂ ಗೊತ್ತು.

ಆಗಸ್ಟಿನಲ್ಲಿ ಬಿಟ್ಟ ಮರಿ

ಈ ಹಳ್ಳಿಯವರು ಕೆರೆಬೇಟೆಯಿಂದ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು ಆಗಸ್ಟಿನಲ್ಲಿ ಮೀನುಮರಿ ತಂದು ಬಿಟ್ಟರು. ಒಳ್ಳೆಯ ಕೆಲಸ. ಆದರೆ ಒಂದು ತಪ್ಪು ಮಾಡಿದರು, ಅದನ್ನು ಆಮೇಲೆ ಹೇಳುತ್ತೇವೆ.

ಕಾಟ್ಲಾ, ರೋಹು, ಮೃಗಾಲ್ ಗೆಂಡೆಗಳು ನಿಂತ ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಪ್ರವಾಹದ ಹೊಳೆಯೇ ಬೇಕು. ಹಿಂದೆ ಹೊಳೆಗಳಿಂದ ಮರಿ ಸೋಸಿ ತರಬೇಕಾಗಿತ್ತು. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಗೆಂಡೆಗೆ ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ, ಸಾಕಿದ ಮೀನಿನಿಂದಲೇ ಮೊಟ್ಟೆ ಪಡೆದ ಮೇಲೆ ಕಷ್ಟ ತಪ್ಪಿತು. ಆ ನೆನಪಿಗೆ ಜುಲೈ 10ನ್ನು ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಈಗ ನಮ್ಮ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟ್‌ನಂಥ ಕಡೆಯ ಮೀನುಮರಿ ಕೇಂದ್ರಗಳಲ್ಲಿ ಬಿತ್ತನೆ ಮರಿ ಸಿಗುತ್ತದೆ. ಸಾಮಾನ್ಯ ಗೆಂಡೆ ಮಾತ್ರ ಕೆರೆಯಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಉಳಿದವನ್ನು ಬಿಟ್ಟು ಅವು ಮರಿ ಹಾಕುತ್ತವೆಂದು ಕಾಯಬೇಡಿ. ವರ್ಷ ವರ್ಷವೂ ತಂದು ಬಿಡಬೇಕು. ಕೊರವ, ಮುರುಗೋಡುಗಳನ್ನು ತರಬೇಕಾಗಿಲ್ಲ, ಹತ್ತಲು ಬಿಟ್ಟರೆ ಸಾಕು.

ಬಿತ್ತನೆಗೆ 8ರಿಂದ 10 ಸೆಂ.ಮೀ. ಉದ್ದದ ಮರಿಯೇ ಆಗಬೇಕು. ಅದಕ್ಕಿಂತ ಚಿಕ್ಕದು ಅಗ್ಗವಾಗಿ ಸಿಗುತ್ತದೆ, ಕೊರವದ ಬಾಯಿಗೂ ಸುಲಭವಾಗಿ ಹೋಗುತ್ತದೆ. ಮೇವು ಹಾಕಿ ಸಾಕುವ ಹೊಂಡಕ್ಕೆ ಎಕರೆಗೆ 2000 ಮರಿ ಎಂಬುದು ವಾಡಿಕೆ. ಮೇವಿಲ್ಲದ ಊರ ಕೆರೆಗೆ ಅದರ ಅರ್ಧ ಸಾಕು. ಮಲೆನಾಡಿನ ಹುಳಿ ಮಣ್ಣಿಗೆ ಮೊದಲು ಸುಣ್ಣ ಬೇಕೇಬೇಕು, ಎಕರೆಗೆ ಸುಮಾರು 100 ಕಿಲೋ. ಮಣ್ಣು ಪರೀಕ್ಷೆ ಮಾಡಿಸಿದರೆ ಸರಿಯಾದ ಪ್ರಮಾಣ ತಿಳಿಯುತ್ತದೆ. ಕುಡಿಯಲು ಬಳಸದ ಕೆರೆಯಾದರೆ ಸಗಣಿ ಗೊಬ್ಬರವನ್ನೂ ಹಾಕಬಹುದು. ಮರಿ ತಂದ ಚೀಲವನ್ನು ಕಾಲು ಗಂಟೆ ಕೆರೆಯ ನೀರಿನಲ್ಲೇ ತೇಲಬಿಟ್ಟು, ಆಮೇಲೆ ಬಾಯಿ ಬಿಚ್ಚಿ, ಸ್ವಲ್ಪ ಸ್ವಲ್ಪವೇ ಕೆರೆಯ ನೀರು ಬೆರೆಸಿ ಬಿಡಿ. ಒಮ್ಮೆಲೇ ಸುರಿದರೆ ಬಿಸಿ ತಂಪಿನ ವ್ಯತ್ಯಾಸಕ್ಕೆ ಮರಿ ತತ್ತರಿಸುತ್ತದೆ. ಭತ್ತದ ಗದ್ದೆಗೆ ಕೂಡಿದ ಕೆರೆಗೆ ಹುಲ್ಲುಗೆಂಡೆ ಬಿಡಬೇಡಿ. ಎಳೆ ಸಸಿಗೂ ಹುಲ್ಲಿಗೂ ಅದಕ್ಕೆ ಭೇದವಿಲ್ಲ. ಮುರುಗೋಡೆಂದು ಹೇಳಿ ಆಫ್ರಿಕಾದ ಕ್ಯಾಟ್‌ಫಿಶ್ ಮರಿ ಮಾರುವವರು ಬಂದರೆ ಹಿಂದಕ್ಕೆ ಕಳುಹಿಸಿ. ನಮ್ಮ ದೇಶದಲ್ಲಿ ಅದರ ಸಾಕಣೆ ನಿಷಿದ್ಧ. ಹೊಳೆಗೆ ತಪ್ಪಿಸಿಕೊಂಡರೆ ಅದು ಉಳಿದ ಮೀನುಗಳನ್ನು ಬದುಕಗೊಡುವುದಿಲ್ಲ.

ಹಳ್ಳಿಯವರ ತಪ್ಪು ಯಾವುದೆಂದರೆ, ಕೋಡಿಗೆ ತಡಿಕೆ ಕಟ್ಟದಿದ್ದುದು. ಮರಿ ಬಿಟ್ಟ ವಾರಕ್ಕೆ ಜೋರು ಮಳೆ ಬಂತು, ಎರಡು ದಿನ ಕೋಡಿ ಹರಿಯಿತು. ಕೋಡಿಯ ಕೆಳಗಿನ ಗದ್ದೆಯಲ್ಲಿ ಮಕ್ಕಳು ಟವಲಿನಿಂದ ಗೆಂಡೆಮರಿ ಹಿಡಿಯುತ್ತಿದ್ದುದನ್ನು ಕಂಡಾಗಲೇ ವಿಷಯ ತಿಳಿದದ್ದು. ಎಷ್ಟು ಉಳಿಯಿತು, ಎಷ್ಟು ತುಂಗೆಯ ಪಾಲಾಯಿತು ಎಂದು ಹೇಳುವವರಿಲ್ಲ. ಮರುದಿನವೇ ಬಿದಿರಿನ ತಡಿಕೆ ಹೆಣೆದು ಕಟ್ಟಿದರು. ಅದನ್ನು ನೇರ ನಿಲ್ಲಿಸಿದ್ದರಿಂದ ತರಗೆಲೆ ಕಟ್ಟಿಕೊಂಡು ಏರಿಗೇ ಅಪಾಯ ಬರುವಂತಾಯಿತು. ತಡಿಕೆಯನ್ನು ಓರೆಯಾಗಿ, ಕೋಡಿಯ ಅಗಲಕ್ಕಿಂತ ಉದ್ದವಾಗಿ ಕಮಾನಿನಂತೆ ಕಟ್ಟಿ, ಜೋರು ಮಳೆಯ ದಿನ ಒಬ್ಬರು ಎಲೆ ಬಿಡಿಸುವ ಸರದಿ ಇಟ್ಟುಕೊಂಡರೆ ಈ ತೊಂದರೆ ಇಲ್ಲ.

ಕಳೆದ ವಾರ ಮತ್ತೆ ಹೋಗಿದ್ದಾಗ ಊರಿನವರು ದೇವಸ್ಥಾನದ ಜಗಲಿಯಲ್ಲಿ ಸೇರಿದ್ದರು. ಬರುವ ಜೂನಿನಲ್ಲಿ ಕೆರೆಗೆ ಕೂಡುವ ಎರಡು ಹಳ್ಳಗಳಲ್ಲಿ ಹದಿನೈದು ದಿನ ಕೂಳಿ, ಕತ್ತಿ ಬೇಡವೆಂದು ಮಾತಾಯಿತು. ಹುಡುಗರು ಮೂರು ನಾಲ್ಕು ಜನ ಒಪ್ಪಲಿಲ್ಲ. ನಾವು ಬಿಟ್ಟ ಮೀನನ್ನು ಪಕ್ಕದೂರಿನವರು ಕಡಿದರೆ ಏನು ಮಾಡುವುದೆಂದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದುದೇ. ಹಳ್ಳ ಎರಡು ಊರಿಗೂ ಸೇರಿದ್ದು, ಅಲ್ಲಿಯವರನ್ನೂ ಕರೆದು ಮಾತಾಡಬೇಕೆಂದು ಎದ್ದರು. ತೂಬಿನ ಗುಂಡಿಯನ್ನು ಕೆರೆಬೇಟೆಯಿಂದ ಹೊರಗಿಡಲು ಮಾತ್ರ ಯಾರ ಅಡ್ಡಿಯೂ ಬರಲಿಲ್ಲ. ಗುಂಡಿಯ ಸುತ್ತ ನೆಡಲು ಗೂಟ ಕಡಿದು ಇಟ್ಟಿದ್ದಾರೆ.

ನಿಮ್ಮ ಕೆರೆಗೆ ಮುಂದಿನ ವರ್ಷ ಮರಿ ಬೇಕಿದ್ದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಕೆರೆಯ ವಿಸ್ತೀರ್ಣ, ನೀರು ನಿಲ್ಲುವ ತಿಂಗಳುಗಳು, ಕೆರೆ ಯಾರ ಹೆಸರಿನಲ್ಲಿದೆ ಎಂಬ ವಿವರಗಳೊಡನೆ ಮಳೆಗೆ ಮೊದಲೇ ಬರೆದುಕೊಡಿ. ಆಗಸ್ಟಿನಲ್ಲಿ ಹೋದವರಿಗೆ ಒಳ್ಳೆಯ ಗಾತ್ರದ ಮರಿ ಉಳಿದಿರುವುದು ಅಪರೂಪ.